ಅಸೈನ್‌ಮೆಂಟ್, ಗೂಗಲ್ ಮತ್ತು ಗ್ರಂಥಋಣ: ಆನ್‌ಲೈನ್ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ವಾರಾಂತ್ಯದಲ್ಲಿ ಒಂದು ಅಧ್ಯಯನ ಕೇಂದ್ರದಲ್ಲಿ ಪಾಠ ಹೇಳುತ್ತೇನೆ. ಉಳಿದ ದಿನ ಸಂಜೆ ಆನ್‌ಲೈನ್ ತರಗತಿ, ಊಟವಾದ ಮೇಲೆ ಅಸೈನ್‌ಮೆಂಟ್ ತಿದ್ದುವ ಕೆಲಸ. ನನ್ನ ವಿದ್ಯಾರ್ಥಿಗಳಲ್ಲಿ ಬ್ಯಾಂಕ್ ನೌಕರರಿದ್ದಾರೆ, ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ, ಮಗುವನ್ನು ಮಲಗಿಸಿ ಲ್ಯಾಪ್‌ಟಾಪ್ ತೆರೆಯುವ ತಾಯಂದಿರಿದ್ದಾರೆ. ಇವರಲ್ಲಿ ಕಳ್ಳರು ತೀರಾ ಕಡಿಮೆ. ಆದರೂ ಪ್ರತಿ ಸೆಮಿಸ್ಟರ್‌ನಲ್ಲಿ ನಕಲಿನ ಕಾರಣಕ್ಕೆ ಕೆಲವು ಅಸೈನ್‌ಮೆಂಟ್‌ಗಳನ್ನು ಹಿಂದಿರುಗಿಸಬೇಕಾಗುತ್ತದೆ. ಹಿಂದಿರುಗಿಸಿದ ಮರುದಿನ ಫೋನ್ ಬರುತ್ತದೆ. ಆ ಫೋನ್‌ಗಳಲ್ಲಿ ಕೇಳಿಬಂದ ಪ್ರಶ್ನೆಗಳು, ನಾನು ಕೊಟ್ಟ ಉತ್ತರಗಳು ಇಲ್ಲಿವೆ.

ಕೃತಿಚೌರ್ಯವೆಂದರೆ ಕಾಪಿ-ಪೇಸ್ಟ್ ಮಾಡುವುದು, ಅಷ್ಟೇ ತಾನೆ?

ಅಷ್ಟೇ ಆಗಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು. ಬೇರೆಯವರ ಮಾತು, ವಾದ, ಅಂಕಿಅಂಶ, ನಕ್ಷೆ, ಛಾಯಾಚಿತ್ರ, ಕಂಪ್ಯೂಟರ್ ಪ್ರೋಗ್ರಾಂ, ಕೊನೆಗೆ ಅಧ್ಯಾಯಗಳನ್ನು ಜೋಡಿಸಿದ ಕ್ರಮವನ್ನು ಕೂಡ ನಿಮ್ಮದೆಂಬಂತೆ ಒಪ್ಪಿಸಿದರೆ ಅದು ಕೃತಿಚೌರ್ಯವೇ.

ಪುಸ್ತಕದ ಕೊನೆಯಲ್ಲಿ ಕೊಡುವ ಪಟ್ಟಿಗೆ ಕನ್ನಡದಲ್ಲಿ ‘ಗ್ರಂಥಋಣ’ ಎಂಬ ಮಾತಿದೆ. ನನಗೆ ಬಹಳ ಇಷ್ಟವಾದ ಮಾತು. ಸಾಲ ಮಾಡದೆ ಯಾರೂ ಓದಿ ಮುಂದೆ ಬಂದಿಲ್ಲ, ಲೆಕ್ಕ ಬರೆದಿಡಬೇಕು ಅಷ್ಟೆ. 12ನೆಯ ಶತಮಾನದ ವಚನಕಾರರು ಈ ಲೆಕ್ಕವನ್ನು ವಚನದೊಳಗೇ ಇಟ್ಟರು: ‘ಕೂಡಲಸಂಗಮದೇವ’ ಎಂದು ಕಂಡೊಡನೆ ಬಸವಣ್ಣ, ‘ಗುಹೇಶ್ವರ’ ಎಂದರೆ ಅಲ್ಲಮ, ‘ಚೆನ್ನಮಲ್ಲಿಕಾರ್ಜುನ’ ಎಂದರೆ ಅಕ್ಕ. ನೀವು ಜಾಲತಾಣದಿಂದ ಎತ್ತಿಕೊಂಡ ಸಾಲಿಗೆ ಅಂಕಿತವಿರುವುದಿಲ್ಲ. ಅದನ್ನು ನೀವೇ ಸೇರಿಸಬೇಕು.

ನಾನು ಬೇಕೆಂದು ಮಾಡಿಲ್ಲ ಸರ್. ಹೇಗಾಯಿತೋ ಗೊತ್ತಿಲ್ಲ.

ನಂಬುತ್ತೇನೆ. ನನಗೂ ಆಗಿದೆ. ಎಂ.ಎ. ಓದುವಾಗ ಒಪ್ಪಿಸಿದ ಪ್ರಬಂಧವೊಂದರಲ್ಲಿ ಒಂದು ವಾಕ್ಯಕ್ಕೆ ಮೇಷ್ಟ್ರು ಪಕ್ಕದಲ್ಲಿ ಪೆನ್ಸಿಲಿನಿಂದ ‘ಚೆನ್ನಾಗಿದೆ’ ಎಂದು ಬರೆದಿದ್ದರು. ಎರಡು ವರ್ಷ ಆ ವಾಕ್ಯದ ಬಗ್ಗೆ ಒಳಗೊಳಗೇ ಹೆಮ್ಮೆಪಟ್ಟೆ. ಆಮೇಲೊಂದು ದಿನ ಗ್ರಂಥಾಲಯದಲ್ಲಿ ಒಂದು ಹಳೆಯ ಪುಸ್ತಕ ತಿರುವುತ್ತಿದ್ದಾಗ ಅದೇ ವಾಕ್ಯ, ಅಲ್ಪವಿರಾಮ ಸಮೇತ, ಎದುರಿಗೆ ನಿಂತಿತ್ತು. ಮನೆಗೆ ಹೋಗಿ ನೋಟ್‌ಬುಕ್ ತೆರೆದೆ. ನನ್ನದೇ ಕೈಬರಹ, ಪುಸ್ತಕದ ಹೆಸರಿಲ್ಲ, ಉದ್ಧರಣ ಚಿಹ್ನೆಯಿಲ್ಲ. ಬರೆದುಕೊಂಡ ದಿನ ಅದು ಯಾರದೆಂದು ಗೊತ್ತಿತ್ತು. ಮೂರು ತಿಂಗಳಾಗುವಷ್ಟರಲ್ಲಿ ಅದು ನನ್ನದಾಗಿಬಿಟ್ಟಿತ್ತು.

ನಾನು ಕಂಡ ನಕಲಿನಲ್ಲಿ ಹೆಚ್ಚಿನ ಪಾಲು ಈ ಬಗೆಯದು. ಪ್ರಬಂಧ ಬರೆಯಲು ಕುಳಿತಾಗ ನಡೆಯುವ ತಪ್ಪಲ್ಲ ಇದು. ಟಿಪ್ಪಣಿ ಮಾಡಿಕೊಂಡ ದಿನವೇ ನಡೆದುಹೋಗಿರುತ್ತದೆ. ಆನ್‌ಲೈನ್ ವಿದ್ಯಾರ್ಥಿಗೆ ಇದು ಇನ್ನೂ ಸಲೀಸು: ಹದಿನೈದು ಟ್ಯಾಬ್ ತೆರೆದಿರುತ್ತವೆ, ಸಿಕ್ಕಿದ್ದನ್ನೆಲ್ಲ ಒಂದೇ ವರ್ಡ್ ಫೈಲಿಗೆ ಸುರಿದಿರುತ್ತೀರಿ, ಫೈಲಿನ ಹೆಸರು ‘ನೋಟ್ಸ್ ಫೈನಲ್ 2’. ಕೊನೆಯ ದಿನಾಂಕದ ಹಿಂದಿನ ರಾತ್ರಿ ಹನ್ನೊಂದೂವರೆಗೆ ಆ ಫೈಲ್ ತೆರೆದಾಗ ಯಾವ ಸಾಲು ಯಾರದು?

ಹಾಗಾಗಿ ನನ್ನ ಸಲಹೆ ಒಂದೇ, ಅದೂ ಬರೆಯುವುದಕ್ಕಿಂತ ಬಹಳ ಮೊದಲಿನದು. ಏನನ್ನಾದರೂ ಬರೆದುಕೊಳ್ಳುವ ಮುನ್ನ ಅದು ಬಂದ ಜಾಗವನ್ನು ಬರೆಯಿರಿ: ಲೇಖಕರು, ಪುಸ್ತಕ, ಪುಟ. ಜಾಲತಾಣವಾದರೆ ವಿಳಾಸ ಮತ್ತು ನೋಡಿದ ದಿನ. ಆಮೇಲೆ ವಿಷಯ. ಇದ್ದ ಹಾಗೆಯೇ ಎತ್ತಿಕೊಂಡ ಸಾಲಿಗೆ ಆಗಲೇ, ಅಲ್ಲೇ ಉದ್ಧರಣ ಚಿಹ್ನೆ ಹಾಕಿ, ಬೇಕಿದ್ದರೆ ಕೆಂಪು ಬಣ್ಣ ಕೊಡಿ. ನಿಮಗೆ ಹೊಳೆದದ್ದನ್ನು ನೀಲಿಯಲ್ಲಿ ಬರೆಯಿರಿ. ಒಂದು ತಿಂಗಳಾದ ಮೇಲೆ ಫೈಲ್ ತೆರೆದರೆ ಕೆಂಪೆಷ್ಟು, ನೀಲಿಯೆಷ್ಟು ಎಂಬುದೇ ನಿಮ್ಮ ಓದಿನ ಸ್ಥಿತಿಯನ್ನು ಹೇಳಿಬಿಡುತ್ತದೆ.

ಪದಗಳನ್ನು ಬದಲಾಯಿಸಿದರೆ ಸಾಕಲ್ಲವೇ?

ಸಾಲದು. ಉದಾಹರಣೆಗೆಂದು ನಾನೇ ಬರೆದ ಈ ಸಾಲುಗಳು ಒಂದು ಪುಸ್ತಕದಲ್ಲಿ ಸಿಕ್ಕವೆಂದು ಭಾವಿಸಿಕೊಳ್ಳಿ:

“ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ ಮೊದಲು ಬೆಳಗಿದ್ದು ಜನರ ಮನೆಗಳನ್ನಲ್ಲ, ಗಣಿಯ ಲಾಭವನ್ನು. 1902ರಲ್ಲಿ ಶಿವನಸಮುದ್ರದಿಂದ ಹೊರಟ ತಂತಿ ನೇರವಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗಳು ಇನ್ನೂ ಮೂರು ವರ್ಷ ಕಾದವು.”

ನನ್ನ ಕೈಗೆ ಸಾಮಾನ್ಯವಾಗಿ ಬರುವುದು ಹೀಗೆ:

“ಮೈಸೂರು ರಾಜ್ಯದಲ್ಲಿ ಕರೆಂಟು ಪ್ರಥಮವಾಗಿ ಬೆಳಗಿಸಿದ್ದು ಪ್ರಜೆಗಳ ಗೃಹಗಳನ್ನಲ್ಲ, ಗಣಿಯ ಆದಾಯವನ್ನು. 1902ರಲ್ಲಿ ಶಿವನಸಮುದ್ರದಿಂದ ಆರಂಭವಾದ ತಂತಿ ಸೀದಾ ಕೋಲಾರದ ಸ್ವರ್ಣದ ಗಣಿಗೆ ತೆರಳಿತು. ಬೆಂಗಳೂರಿನ ರಸ್ತೆಗಳು ಮತ್ತೂ ಮೂರು ವರುಷ ನಿರೀಕ್ಷಿಸಿದವು.”

ಮನೆ ಹೋಗಿ ಗೃಹ ಬಂತು, ಚಿನ್ನ ಹೋಗಿ ಸ್ವರ್ಣ ಬಂತು. ವಾಕ್ಯದ ಎಲುಬುಗೂಡು ಮಾತ್ರ ಅಲ್ಲೇ ಇದೆ. ‘ಮನೆಗಳನ್ನಲ್ಲ, ಲಾಭವನ್ನು’ ಎಂಬ ಕುಟುಕು ಬರೆದವರ ಸ್ವತ್ತು, ಬೀದಿಗಳು ‘ಕಾದವು’ ಎಂಬ ಕಲ್ಪನೆಯೂ ಅವರದೇ. ಕೊನೆಗೆ ಅಡಿಟಿಪ್ಪಣಿ ಹಾಕಿದರೂ ಇದು ಪೂರ್ತಿ ಸರಿಹೋಗುವುದಿಲ್ಲ. ಅಡಿಟಿಪ್ಪಣಿ ‘ವಿಷಯ ಅವರದು’ ಎಂದು ಹೇಳುತ್ತದೆ, ‘ಮಾತೂ ಅವರದೇ’ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಉದ್ಧರಣ ಚಿಹ್ನೆ.

ಪುಸ್ತಕ ಮುಚ್ಚಿ. ಎದ್ದು ಒಂದು ಲೋಟ ನೀರು ಕುಡಿದು ಬನ್ನಿ. ಪಕ್ಕದಲ್ಲಿರುವ ತಂಗಿಗೆ ಹೇಳುವ ಹಾಗೆ ವಿಷಯವನ್ನು ಹೇಳಿ ನೋಡಿ. ಆಮೇಲೆ ಬರೆಯಿರಿ. ಆಗ ಹೀಗೆ ಬರಬಹುದು:

“ಶಿವನಸಮುದ್ರದ ವಿದ್ಯುತ್ತಿಗೆ ಮೊದಲ ಗಿರಾಕಿ ಕೋಲಾರದ ಗಣಿ (1902). ಬೆಂಗಳೂರಿನ ಬೀದಿದೀಪಗಳಿಗೆ ಅದು ಸಿಕ್ಕಿದ್ದು 1905ರಲ್ಲಿ. ಈ ಅಂತರವನ್ನು ಲೇಖಕರು ಸಂಸ್ಥಾನದ ಆದ್ಯತೆ ಎಲ್ಲಿತ್ತೆಂಬುದರ ಗುರುತಾಗಿ ಕಾಣುತ್ತಾರೆ (ಪುಟ 42). ಗಣಿಯಿಂದ ಬಂದ ಹಣವೇ ನಗರದ ದೀಪಗಳಿಗೆ ದಾರಿ ಮಾಡಿತೇ ಎಂಬುದನ್ನು ಅವರು ಕೇಳಿಕೊಂಡಿಲ್ಲ.”

ಕೊನೆಯ ವಾಕ್ಯ ನೋಡಿ. ಪುಸ್ತಕ ಮುಚ್ಚಿದ್ದರಿಂದ ಒಂದು ಪ್ರಶ್ನೆ ಹುಟ್ಟಿತು. ನಾನು ಅಂಕ ಕೊಡುವುದು ಅದಕ್ಕೆ.

ಇಂಗ್ಲಿಷ್‌ನಲ್ಲಿದ್ದುದನ್ನು ನಾನೇ ಕನ್ನಡಕ್ಕೆ ಅನುವಾದಿಸಿದ್ದೇನೆ. ಶ್ರಮ ನನ್ನದಲ್ಲವೇ?

ಅನುವಾದದ ಶ್ರಮ ನಿಮ್ಮದು, ವಿಚಾರ ನಿಮ್ಮದಲ್ಲ. ‘ಅನುವಾದ ನನ್ನದು’ ಎಂದು ಆವರಣದಲ್ಲಿ ಬರೆದು ಮೂಲವನ್ನು ಹೆಸರಿಸಿ. ಮರ್ಯಾದೆಯೂ ಉಳಿಯುತ್ತದೆ, ಶ್ರಮಕ್ಕೆ ಮನ್ನಣೆಯೂ ಸಿಗುತ್ತದೆ. ಗೂಗಲ್ ಟ್ರಾನ್ಸ್‌ಲೇಟ್ ಮಾಡಿಕೊಟ್ಟಿದ್ದನ್ನು ಹಾಗೇ ಅಂಟಿಸಿದರೆ ಶ್ರಮವೂ ನಿಮ್ಮದಲ್ಲ. ಅದು ನಕಲು ಪತ್ತೆ ಮಾಡುವ ತಂತ್ರಾಂಶಕ್ಕಿಂತ ಮೊದಲು ಓದುವ ಕಿವಿಗೇ ಸಿಕ್ಕಿಬೀಳುತ್ತದೆ. ವಾಕ್ಯಕ್ಕೆರಡು ‘ಅದು’, ‘ಇದು’, ಎಲ್ಲಿ ನೋಡಿದರೂ ‘ಮೂಲಕ’, ‘ಪ್ರಕಾರವಾಗಿ’. ಯಾವ ಊರಿನ ಕನ್ನಡಿಗರೂ ಹಾಗೆ ಬರೆಯುವುದಿಲ್ಲ.

ಶೇ 10ರವರೆಗೆ ನಕಲು ಮಾಡಬಹುದು ಎಂದು ಯುಜಿಸಿ ಹೇಳಿದೆಯಂತೆ?

ಈ ಮಾತು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿ ತಂದದ್ದು ನಿಜ. ಅದರಲ್ಲಿ ಹೋಲಿಕೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಲಾಗಿದೆ. ಶೇ 10ರವರೆಗಿನದು ಸಣ್ಣಪುಟ್ಟ ಹೋಲಿಕೆ, ದಂಡನೆಯಿಲ್ಲ. 10ರಿಂದ 40ರವರೆಗೆ ಇದ್ದರೆ ಪ್ರಬಂಧವನ್ನು ತಿದ್ದಿ, ಆರು ತಿಂಗಳು ಮೀರದ ಗಡುವಿನಲ್ಲಿ ಮತ್ತೆ ಒಪ್ಪಿಸಬೇಕು. 40ರಿಂದ 60 ಆದರೆ ತಿದ್ದಿದ ಪ್ರತಿಯನ್ನು ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು.

ಎರಡು ಸಂಗತಿಗಳನ್ನು ಆ ಗುಂಪುಗಳು ಹೇಳುವುದಿಲ್ಲ. ಒಂದು, ಶೇ 10 ಎಂಬುದು ಕದಿಯಲು ಕೊಟ್ಟ ಪರವಾನಗಿಯಲ್ಲ. ಯಂತ್ರ ತೋರಿಸುವ ಆಕಸ್ಮಿಕ ಹೋಲಿಕೆಗೆ ಬಿಟ್ಟ ಜಾಗ ಅದು. ಸರಿಯಾಗಿ ಮೂಲ ಹೇಳಿದ ಉದ್ಧರಣೆ, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನಿನ ಪಠ್ಯ, ಸಾಮಾನ್ಯ ಸಮೀಕರಣಗಳು ಹೇಗೂ ಲೆಕ್ಕಕ್ಕೆ ಬರುವುದಿಲ್ಲ. ಸತತ 14 ಪದಗಳವರೆಗಿನ ಸಾಮಾನ್ಯ ಅಥವಾ ಕಾಕತಾಳೀಯ ಹೋಲಿಕೆಗೂ ವಿನಾಯಿತಿ ಇದೆ. ಎರಡು, ಇದು ಬಹಳ ಜನರಿಗೆ ಗೊತ್ತಿಲ್ಲ, ಈ ನಿಯಮಾವಳಿಯ ವ್ಯಾಖ್ಯೆಯಲ್ಲಿ ಅಸೈನ್‌ಮೆಂಟ್, ಟರ್ಮ್ ಪೇಪರ್, ಪ್ರಾಜೆಕ್ಟ್ ವರದಿ, ಉತ್ತರ ಪತ್ರಿಕೆಗಳು ಸೇರುವುದೇ ಇಲ್ಲ. ಅದಿರುವುದು ಮಹಾಪ್ರಬಂಧ, ಸಂಶೋಧನ ಲೇಖನ, ಪುಸ್ತಕಗಳಂಥವಕ್ಕೆ. ಹಾಗಾದರೆ ಅಸೈನ್‌ಮೆಂಟ್‌ನಲ್ಲಿ ನಕಲು ಮಾಡಬಹುದೇ ಎಂದು ಕೇಳಬೇಡಿ. ಅದಕ್ಕೆ ನಿಮ್ಮ ವಿಶ್ವವಿದ್ಯಾಲಯದ ಸ್ವಂತ ನಿಯಮ ಇರುತ್ತದೆ, ಅಲ್ಲಿ ಶೇಕಡಾವಾರಿನ ಗೋಜಿಲ್ಲದೆ ಸೊನ್ನೆ ಹಾಕಬಹುದು.

ಅಧ್ಯಯನ ಸಾಮಗ್ರಿ ವಿಶ್ವವಿದ್ಯಾಲಯವೇ ಕೊಟ್ಟದ್ದು. ಅದರಿಂದ ಬರೆದರೂ ತಪ್ಪೇ?

ಅದನ್ನು ಓದಿ ಬರೆದರೆ ತಪ್ಪಿಲ್ಲ, ನೋಡಿ ಬರೆದರೆ ತಪ್ಪು. ಸ್ವಂತ ಮಾತಿನಲ್ಲಿ ಉತ್ತರಿಸಿ, ಘಟಕದಿಂದ ನಕಲು ಮಾಡಬೇಡಿ ಎಂಬ ಎಚ್ಚರಿಕೆ ಇಗ್ನೊದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ) ಅಸೈನ್‌ಮೆಂಟ್ ಪುಸ್ತಿಕೆಗಳಲ್ಲೇ ಇರುತ್ತದೆ. ಮೊದಲ ಪುಟವಾದ್ದರಿಂದ ಯಾರೂ ಓದುವುದಿಲ್ಲ. ಅಲ್ಲಿ ಅನೇಕ ಕೋರ್ಸ್‌ಗಳಲ್ಲಿ ಅಸೈನ್‌ಮೆಂಟ್‌ಗೆ ಶೇ 30ರ ತೂಕವಿದೆ. ಘಟಕವನ್ನೇ ಕೈಬರಹದಲ್ಲಿ ಭಟ್ಟಿ ಇಳಿಸಿ ಕಳುಹಿಸಿದರೆ ತಿದ್ದುವವರಿಗೆ ತಿಳಿಯದೆಂದು ಭಾವಿಸಬೇಡಿ, ಆ ಘಟಕವನ್ನು ನಾವು ನೂರು ಸಲ ಓದಿರುತ್ತೇವೆ.

ತಂತ್ರಾಂಶ ಕನ್ನಡವನ್ನು ಹಿಡಿಯುತ್ತದೆಯೇ? ನುಡಿಯಲ್ಲಿ ಟೈಪ್ ಮಾಡಿದರೆ ಸಿಗುವುದಿಲ್ಲ ಎನ್ನುತ್ತಾರೆ.

ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಕಾಣುವುದು ಕನ್ನಡವಾದರೂ ಕಂಪ್ಯೂಟರಿನ ಒಳಗಿರುವುದು ಬೇರೆ ಅಕ್ಷರ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಗೀಜಗನ ಗೂಡಿನಂತೆ ಕಾಣುತ್ತದಲ್ಲ, ಅದೇ. ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಪಠ್ಯದೊಂದಿಗೆ ಅದನ್ನು ನೇರವಾಗಿ ಹೋಲಿಸಲಾಗದು ಎಂಬುದು ನಿಜ. ಆದರೆ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಅರ್ಧ ನಿಮಿಷದ ಕೆಲಸ. ಪಠ್ಯವನ್ನು ಯೂನಿಕೋಡ್‌ನಲ್ಲೇ ಕೊಡಿ ಎಂದು ಈಗ ಹಲವೆಡೆ ಕೇಳುತ್ತಾರೆ ಕೂಡ.

ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಬೆಸೆಯುವ ಇನ್‌ಫ್ಲಿಬ್‌ನೆಟ್ ಕೇಂದ್ರ 2019ರಿಂದ ಶೋಧಶುದ್ಧಿ ಯೋಜನೆಯಡಿ ವಿಶ್ವವಿದ್ಯಾಲಯಗಳಿಗೆ ಹೋಲಿಕೆ ಪತ್ತೆ ಮಾಡುವ ತಂತ್ರಾಂಶ ಒದಗಿಸುತ್ತಿದೆ. ಅದೇ ಕೇಂದ್ರದ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ ಕನ್ನಡ ಮಹಾಪ್ರಬಂಧಗಳೂ ಇವೆ. ನೀವು ‘ಯಾರೂ ಓದದ ಥೀಸಿಸ್’ ಎಂದು ಎತ್ತಿಕೊಂಡದ್ದು ಎಲ್ಲರಿಗೂ ತೆರೆದಿಟ್ಟ ಕಡತ.

ಒಂದು ಮಾತು ನೆನಪಿರಲಿ, ಈ ತಂತ್ರಾಂಶಗಳು ಕಳ್ಳತನವನ್ನು ಹಿಡಿಯುವುದಿಲ್ಲ. ಪಠ್ಯವನ್ನು ಚಿಕ್ಕ ಚಿಕ್ಕ ತುಂಡುಗಳಾಗಿಸಿ, ತಮ್ಮ ಸಂಗ್ರಹದಲ್ಲಿರುವುದರ ಜೊತೆ ತಾಳೆ ನೋಡುತ್ತವೆ. ಹೋಲಿಕೆ ಕಂಡಲ್ಲಿ ಬಣ್ಣ ಬಳಿಯುತ್ತವೆ. ವಚನವೊಂದನ್ನು ಮೂಲ ಹೇಳಿ ಉದ್ಧರಿಸಿದರೂ ಬಣ್ಣ ಬೀಳಬಹುದು. ಪಕ್ಕಾ ಕದ್ದ ವಾದ ಬಣ್ಣವಿಲ್ಲದೆ ಪಾರಾಗಬಹುದು. ವರದಿಯನ್ನು ಕಣ್ಣಿಟ್ಟು ಓದುವ ಮನುಷ್ಯ ಬೇಕೇಬೇಕು.

ನಾನು ಹಿಡಿದದ್ದರಲ್ಲಿ ಬಹುಪಾಲು ತಂತ್ರಾಂಶವಿಲ್ಲದೆಯೇ. ಒಮ್ಮೆ ಏಳು ಜನರ ಉತ್ತರದಲ್ಲಿ 1857ರ ದಂಗೆ 1875ರಲ್ಲಿ ನಡೆದಿತ್ತು. ಇನ್ನೊಮ್ಮೆ ಒಬ್ಬರು ಜಾಲತಾಣದ ಪುಟವನ್ನು ಎಷ್ಟು ನಿಷ್ಠೆಯಿಂದ ಬರೆದಿದ್ದರೆಂದರೆ, ಕೈಬರಹದ ಹಾಳೆಯ ಕೊನೆಯಲ್ಲಿ ‘ಮುಂದೆ ಓದಲು ಇಲ್ಲಿ ಕ್ಲಿಕ್ ಮಾಡಿ’ ಎಂದೂ ಇತ್ತು.

ಚಾಟ್‌ಜಿಪಿಟಿ ಬಳಸಬಹುದೇ?

ನಿಮ್ಮ ವಿಶ್ವವಿದ್ಯಾಲಯ ಏನು ಹೇಳಿದೆ ಎಂಬುದನ್ನು ಮೊದಲು ನೋಡಿ. ಸ್ಪಷ್ಟವಾಗಿ ಹೇಳಿಲ್ಲದಿದ್ದರೆ ಕೋರ್ಸ್ ಸಂಯೋಜಕರಿಗೆ ಒಂದು ಮೇಲ್ ಬರೆದು ಕೇಳಿ, ಉತ್ತರವನ್ನು ಜೋಪಾನವಾಗಿಡಿ.

ನನ್ನ ಲೆಕ್ಕ ಇಷ್ಟು: ಅರ್ಥವಾಗದ ಪರಿಕಲ್ಪನೆಯನ್ನು ಬಿಡಿಸಿ ಹೇಳೆಂದು ಕೇಳುವುದು, ನೀವು ಬರೆದ ಇಂಗ್ಲಿಷ್ ವಾಕ್ಯದ ವ್ಯಾಕರಣ ತೋರಿಸೆಂದು ಕೇಳುವುದು ಒಂದು ಬಗೆ. ‘ಹೊಯ್ಸಳ ವಾಸ್ತುಶಿಲ್ಪದ ಬಗ್ಗೆ 1,000 ಪದಗಳ ಪ್ರಬಂಧ ಬರೆದುಕೊಡು’ ಎನ್ನುವುದು ಇನ್ನೊಂದು ಬಗೆ. ಎರಡನೆಯದು ಬೇರೆಯವರಿಂದ ಬರೆಸಿದ್ದಕ್ಕೆ ಸಮ. ಬಳಸಿದ್ದರೆ ಎಲ್ಲಿ, ಎಷ್ಟು ಎಂದು ಹೇಳಿಕೊಳ್ಳಿ. ಅದು ಕೊಡುವ ಗ್ರಂಥಋಣವನ್ನಂತೂ ಕಣ್ಣುಮುಚ್ಚಿ ನಂಬಬೇಡಿ. ಇಲ್ಲದ ಪುಸ್ತಕಕ್ಕೆ ಇರುವ ಲೇಖಕರ ಹೆಸರು ಹಚ್ಚಿ, ಪುಟಸಂಖ್ಯೆ ಸಮೇತ ಕೊಡುತ್ತದೆ. ಕನ್ನಡ ಪುಸ್ತಕಗಳ ವಿಷಯದಲ್ಲಿ ಈ ಕಲ್ಪನಾಶಕ್ತಿ ಇನ್ನೂ ಸಮೃದ್ಧ. ಕೈಯಲ್ಲಿ ಹಿಡಿದು ನೋಡದ ಪುಸ್ತಕವನ್ನು ಪಟ್ಟಿಗೆ ಸೇರಿಸಬೇಡಿ.

ನಾನೇ ಬರೆದದ್ದನ್ನು ‘ಇದು ಎಐ ಬರಹ’ ಎಂದರೆ?

ಹಾಗಾಗುವ ಸಾಧ್ಯತೆ ಇದೆ, ಇಂಗ್ಲಿಷ್‌ನಲ್ಲಿ ಬರೆಯುವ ನಮ್ಮಂಥವರಿಗೆ ಹೆಚ್ಚು. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ತಂತ್ರಾಂಶಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕೂ ಹೆಚ್ಚು ಪ್ರಬಂಧಗಳನ್ನು ಅವು ಯಂತ್ರದ ಬರಹವೆಂದವು. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು ಅದೇ ವರ್ಷದ ಜುಲೈನಲ್ಲಿ ಹಿಂತೆಗೆದುಕೊಂಡಿತು.

ಆದ್ದರಿಂದ ಸಾಕ್ಷಿ ಇಟ್ಟುಕೊಳ್ಳಿ. ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ಹಿಂದಿನ ಆವೃತ್ತಿಗಳೆಲ್ಲ ದಿನಾಂಕ, ವೇಳೆ ಸಮೇತ ಉಳಿದಿರುತ್ತವೆ. ಕಚ್ಚಾ ಟಿಪ್ಪಣಿ, ಪುಸ್ತಕದ ಪುಟಕ್ಕೆ ತೆಗೆದ ಫೋಟೊ ಎಲ್ಲ ಫಲಿತಾಂಶ ಬರುವ ತನಕ ಇರಲಿ. ಕೇಳಿದರೆ ‘ಎದುರು ಕುಳಿತು ವಿವರಿಸುತ್ತೇನೆ’ ಎನ್ನಿ. ಬರೆದವರಿಗೆ ಅದು ಹತ್ತು ನಿಮಿಷದ ಮಾತು.

ಗುಂಪಿನಲ್ಲಿ ಉತ್ತರ ಹಂಚಿಕೊಳ್ಳುತ್ತೇವೆ. ಅದೂ ತಪ್ಪೇ?

ಚರ್ಚಿಸಿ, ಜಗಳವಾಡಿ, ಯಾವ ಪುಸ್ತಕ ಎಲ್ಲಿ ಸಿಗುತ್ತದೆಂದು ಹೇಳಿಕೊಳ್ಳಿ. ಬರೆದ ಹಾಳೆಯ ಫೋಟೊ ಮಾತ್ರ ಕಳುಹಿಸಬೇಡಿ. ‘ಮಾದರಿಗೆ ಮಾತ್ರ’ ಎಂದು ಕಳುಹಿಸಿದ್ದು ಬೆಳಗಾಗುವಷ್ಟರಲ್ಲಿ ನಲವತ್ತು ಜನರ ಕೈಬರಹದಲ್ಲಿರುತ್ತದೆ. ಎರಡು ಒಂದೇ ಥರ ಕಂಡಾಗ ಮೂಲ ಯಾವುದು, ನಕಲು ಯಾವುದು ಎಂದು ತಿದ್ದುವವರಿಗೆ ತಿಳಿಯುವುದಿಲ್ಲ. ಎರಡೂ ತಿರಸ್ಕಾರವಾಗುತ್ತವೆ. ಕೊಟ್ಟವರೇ ಹೆಚ್ಚು ಅಳುವುದನ್ನು ಕಂಡಿದ್ದೇನೆ.

ಡಿಟಿಪಿ ಅಂಗಡಿಯವರೇ ಪ್ರಾಜೆಕ್ಟ್ ಮಾಡಿಕೊಡುತ್ತಾರೆ…

ಟೈಪ್ ಮಾಡಿಸಿ, ಬೈಂಡ್ ಮಾಡಿಸಿ. ಬರೆಸಬೇಡಿ. ಅದೇ ಪ್ರಾಜೆಕ್ಟ್, ಊರಿನ ಹೆಸರು ಮಾತ್ರ ಬದಲಾಗಿ, ನಿಮಗಿಂತ ಮೊದಲು ಹತ್ತು ಜನರಿಗೆ ಮಾರಾಟವಾಗಿರುತ್ತದೆ. ‘ಹೊಸಪೇಟೆಯ ಸ್ವಸಹಾಯ ಸಂಘಗಳು’ ಎಂಬ ಶೀರ್ಷಿಕೆಯ ವರದಿಯ ಮೂರನೆಯ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ಶಿರಸಿ ಬಂದದ್ದನ್ನು ಮೌಖಿಕ ಪರೀಕ್ಷೆಯಲ್ಲಿ ನಾನೇ ನೋಡಿದ್ದೇನೆ.

ಯಾವುದಕ್ಕೆ ಮೂಲ ಹೇಳುವ ಅಗತ್ಯವಿಲ್ಲ?

ಎಲ್ಲರಿಗೂ ಗೊತ್ತಿರುವುದಕ್ಕೆ. ರಾಜ್ಯ ಏಕೀಕರಣವಾದದ್ದು 1956ರಲ್ಲಿ, ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ ಎನ್ನಲು ಅಡಿಟಿಪ್ಪಣಿ ಬೇಡ. ಆ ಹೆಸರಿನ ಬಗ್ಗೆ ನಡೆದ ವಾಗ್ವಾದವನ್ನು ಒಬ್ಬರು ಹೇಗೆ ವಿಶ್ಲೇಷಿಸಿದ್ದಾರೆ ಎಂದು ಹೇಳಹೊರಟರೆ ಬೇಕು. ಅನುಮಾನ ಬಂದರೆ ಹಾಕಿಬಿಡಿ.

ಕನ್ನಡ ಲೇಖಕರನ್ನು ಗ್ರಂಥಋಣದಲ್ಲಿ ಹೇಗೆ ಬರೆಯುವುದು?

ಆಕರ ಸೂಚಿಸುವ ಎಪಿಎ, ಎಂಎಲ್ಎ ಪದ್ಧತಿಗಳೆಲ್ಲ ಕುಲನಾಮ ಮೊದಲು ಎನ್ನುತ್ತವೆ. ನಮ್ಮಲ್ಲಿ ಅನೇಕರಿಗೆ ಕುಲನಾಮವೇ ಇಲ್ಲ, ಇನಿಷಿಯಲ್‌ನಲ್ಲಿ ಊರು ಮತ್ತು ಅಪ್ಪನ ಹೆಸರಿರುತ್ತದೆ. ‘ಬೇಂದ್ರೆ, ದ. ರಾ.’ ಎಂಬುದು ಸಲೀಸು. ಕುವೆಂಪು ಅವರನ್ನು ‘ವೆಂಪು, ಕು.’ ಎಂದು ಒಡೆದ ಗ್ರಂಥಋಣವನ್ನೂ ನಾನು ಕಂಡಿದ್ದೇನೆ! ಅದು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದರ ಮೊದಲಕ್ಷರಗಳಿಂದಾದ ಕಾವ್ಯನಾಮ, ಒಡೆಯುವಂತಿಲ್ಲ. ಪು.ತಿ.ನ., ಡಿ.ವಿ.ಜಿ. ಕೂಡ ಹಾಗೆಯೇ. ಮುಖಪುಟದಲ್ಲಿ ಇದ್ದ ಹೆಸರನ್ನೇ ಕೊಡಿ, ಇಡೀ ಪಟ್ಟಿಯಲ್ಲಿ ಒಂದೇ ಕ್ರಮ ಅನುಸರಿಸಿ. ಅಲ್ಪವಿರಾಮಕ್ಕಾಗಿ ಯಾರ ಅಂಕವನ್ನೂ ನಾನು ಕಳೆದಿಲ್ಲ.

ಆನ್‌ಲೈನ್ ಪಾಠದ ವಿಡಿಯೊ ಆದರೆ ಉಪನ್ಯಾಸಕರು, ಪಾಠದ ಶೀರ್ಷಿಕೆ, ಸ್ವಯಂ ಅಥವಾ ಎನ್‌ಪಿಟಿಇಎಲ್‌ನಂಥ ವೇದಿಕೆ, ಎಷ್ಟನೆಯ ನಿಮಿಷ ಎಂಬುದನ್ನು ಕೊಡಿ. ಕನ್ನಡ ವಿಕಿಪೀಡಿಯ ಎಲ್ಲರೂ ಬಳಸಬಹುದಾದ ಪರವಾನಗಿಯಲ್ಲಿದೆ, ಆದರೆ ಆ ಪರವಾನಗಿಯೇ ಹೆಸರು ಹೇಳಿ ಎನ್ನುತ್ತದೆ. ಅಜ್ಜಿ ಹಾಡಿದ ಬೀಸುವ ಪದವನ್ನು ಬಳಸಿದರೆ ಅಜ್ಜಿಯ ಹೆಸರು, ಊರು, ಕೇಳಿ ಬರೆದುಕೊಂಡ ದಿನ ಬರೆಯಿರಿ. ಇದನ್ನು ಮರೆಯುವವರೇ ಹೆಚ್ಚು. ವಾಟ್ಸ್‌ಆ್ಯಪ್ ಫಾರ್ವರ್ಡ್ ಆಕರವಾಗಲಾರದು.

ಹಳೆಯ ಕೃತಿಗಳಿಗೆ ಕಾಪಿರೈಟ್ ಮುಗಿದಿದೆಯಲ್ಲ, ಆಗಲೂ ಹೆಸರು ಹೇಳಬೇಕೇ?

ಕಾಪಿರೈಟ್ ಕಾನೂನಿನ ಮಾತು. ಭಾರತದಲ್ಲಿ ಅದು ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅವರ ಕೃತಿಗಳಿಗೆ 2054ರ ಕೊನೆಯವರೆಗೂ ಇದೆ. ವಚನಗಳಿಗೆ ಇಲ್ಲ, ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಹಾಗೆಂದು ಅಲ್ಲಮನ ಮಾತನ್ನು ನಿಮ್ಮದೆಂದು ಒಪ್ಪಿಸಲಾದೀತೇ?

ಹೋದ ಸೆಮಿಸ್ಟರ್‌ನ ನನ್ನದೇ ಅಸೈನ್‌ಮೆಂಟನ್ನು ಮತ್ತೆ ಕೊಡಬಹುದೇ?

ಒಂದೇ ಕೆಲಸಕ್ಕೆ ಎರಡು ಸಲ ಕೂಲಿ ಕೇಳಿದಂತಾಗುತ್ತದೆ. ಸ್ವಂತ ಬರಹದ ಮರುಬಳಕೆಯ ಬಗ್ಗೆ ಯುಜಿಸಿ 2020ರ ಏಪ್ರಿಲ್‌ನಲ್ಲಿ ಪ್ರತ್ಯೇಕ ಪ್ರಕಟಣೆಯನ್ನೇ ಹೊರಡಿಸಿತು. ಹಳೆಯದನ್ನು ಮುಂದುವರಿಸುವುದಿದ್ದರೆ ಬೋಧಕರಿಗೆ ಮೊದಲೇ ತಿಳಿಸಿ.

ಎನ್‌ಪಿಟಿಇಎಲ್‌ನ ವಾರದ ಅಸೈನ್‌ಮೆಂಟ್‌ಗೆ ಯೂಟ್ಯೂಬ್‌ನಲ್ಲಿ ಉತ್ತರ ಸಿಗುತ್ತದೆ. ಎಲ್ಲರೂ ನೋಡುತ್ತಾರೆ.

ನೋಡುತ್ತಾರೆ, ನಿಜ. 12 ವಾರದ ಕೋರ್ಸಿನಲ್ಲಿ ಉತ್ತಮವಾದ 8 ಅಸೈನ್‌ಮೆಂಟ್‌ಗಳ ಸರಾಸರಿಗೆ ಶೇ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ ಶೇ 75. ಯೂಟ್ಯೂಬ್ ನೋಡಿ 25ಕ್ಕೆ 25 ತೆಗೆದವರು ಪರೀಕ್ಷೆಯಲ್ಲಿ 75ಕ್ಕೆ 30 ಬಾರದೆ ಪ್ರಮಾಣಪತ್ರ ಕಳೆದುಕೊಳ್ಳುತ್ತಾರೆ.

ಆಗಲೇ ಒಪ್ಪಿಸಿಬಿಟ್ಟಿದ್ದೇನೆ. ಈಗ ನೋಡಿದರೆ ಎರಡು ಪುಟಕ್ಕೆ ಮೂಲ ಹೇಳಿಲ್ಲ.

ಇಂದೇ ಮೇಲ್ ಮಾಡಿ. ಯಾವ ಪುಟ, ಯಾವ ಪುಸ್ತಕ, ಏನಾಯಿತು ಎಂದು ನಾಲ್ಕು ಸಾಲು ಸಾಕು, ಕಣ್ಣೀರು ಬೇಡ. ತಿದ್ದಿದ ಪ್ರತಿಯನ್ನು ಜೊತೆಗೆ ಲಗತ್ತಿಸಿ. ಸ್ವೀಕರಿಸುವುದು, ಬಿಡುವುದು ಅವರಿಗೆ ಬಿಟ್ಟದ್ದು. ನನ್ನ ಮಟ್ಟಿಗೆ ಹೇಳುವುದಾದರೆ, ತಿದ್ದುವ ಮುನ್ನ ಹಾಗೆ ಬಂದ ಮೇಲ್‌ಗಳಲ್ಲಿ ಒಂದನ್ನೂ ನಾನು ಮೇಲಿನವರಿಗೆ ಕಳುಹಿಸಿಲ್ಲ, ಹಳೆಯ ಪ್ರತಿ ಅಳಿಸಿ ಹೊಸದನ್ನು ತಿದ್ದಿದ್ದೇನೆ.